ಲೆಕ್ಕಕ್ಕೆ ಬಾರದ ಐವತ್ತು ನಿಮಿಷ

ಊರಿನವರು ಅವರನ್ನು ಮಿನಿಟ್ ಎಂದೇ ಕರೆಯುತ್ತಿದ್ದರು. ಎದುರಿಗೆ ಮಿನಿಟ್ ಸಾರ್, ಬೆನ್ನ ಹಿಂದೆ ಬರೀ ಮಿನಿಟ್ಟು. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿದ್ದವರಿಗೆ ಬೇರೆ ಹೆಸರು ಅಂಟುವುದೂ ಕಷ್ಟವೇ. ಡಿಪೋದ ಗೇಟಿನ ಪಕ್ಕ, ಒಂದು ಮೇಜು ಒಂದು ಸ್ಟೂಲು ಹಿಡಿಸುವಷ್ಟೇ ಅಗಲದ ಗೂಡಿನಲ್ಲಿ ಕೂತು, ಯಾವ ಬಸ್ಸು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹೊರಟಿತು, ಎಷ್ಟಕ್ಕೆ ಒಳಗೆ ಬಂತು ಎಂದು ಬರೆಯುವುದು ಅವರ ಕೆಲಸ. "ಎರಡು ನಿಮಿಷ ತಾನೇ ಸಾರ್, ಬಿಟ್ಬಿಡಿ" ಎಂದು ಹಲ್ಲು ಕಿರಿಯುವ ಡ್ರೈವರುಗಳಿಗೆ ಅವರ ಉತ್ತರ ಯಾವಾಗಲೂ ಒಂದೇ: "ಬಿಡೋಕೆ ಅದು ನಂದಲ್ಲಪ್ಪಾ, ಗಡಿಯಾರದ್ದು."

ಡಿಪೋ ಹೊಟ್ಟೆಪಾಡಾದರೆ ಜೀವ ಇದ್ದದ್ದು ಕ್ರಿಕೆಟ್ ಮೈದಾನದಲ್ಲಿ. ಹಾಗಂತ ಅವರು ಆಟಗಾರರಲ್ಲ. ಹುಡುಗರಾಗಿದ್ದಾಗ ಹನ್ನೊಂದನೆಯವರಾಗಿ ಬ್ಯಾಟು ಹಿಡಿದು ಹೋಗುತ್ತಿದ್ದರು, ಹೋದಷ್ಟೇ ಬೇಗ ಬರುತ್ತಿದ್ದರು. ಒಂದು ಭಾನುವಾರ ಸ್ಕೋರ್ ಬರೆಯಬೇಕಾದವನಿಗೆ ಹಲ್ಲುನೋವು ಬಂದು ಇವರ ಕೈಗೆ ಪೆನ್ಸಿಲ್ ಸಿಕ್ಕಿತು. ಆಮೇಲೆ ಆ ಪೆನ್ಸಿಲನ್ನು ಯಾರೂ ವಾಪಸ್ ಕೇಳಲಿಲ್ಲ. ಇಪ್ಪತ್ತೆರಡಕ್ಕೆ ಹಿಡಿದದ್ದನ್ನು ಅರವತ್ತೈದಕ್ಕೆ ಕೆಳಗಿಟ್ಟರು. ವರ್ಷಕ್ಕೊಂದರಂತೆ ನಲವತ್ತಮೂರು ಪುಸ್ತಕಗಳು. ಆ ಮೈದಾನದಲ್ಲಿ ಅಷ್ಟು ವರ್ಷಗಳಲ್ಲಿ ನಡೆದ ಹನ್ನೊಂದು ಟೆಸ್ಟ್ ಪಂದ್ಯಗಳೂ ಅವರ ಕೈಬರಹದಲ್ಲೇ ಇವೆ.

ಸ್ಕೋರ್ ಬರೆಯುವುದು ಎಂದರೆ ರನ್ ಎಣಿಸುವುದು ಎಂದುಕೊಂಡವರನ್ನು ಕಂಡರೆ ಅವರಿಗೆ ಕನಿಕರ. ಪೆವಿಲಿಯನ್ನಿನ ಮೇಲಂತಸ್ತಿನಲ್ಲಿ ಎರಡು ಕುರ್ಚಿ, ಒಂದು ಉದ್ದನೆಯ ಮೇಜು. ಒಂದು ಕುರ್ಚಿಯಲ್ಲಿ ಇವರು, ಇನ್ನೊಂದರಲ್ಲಿ ಹೊರಗಿನಿಂದ ಬಂದ ತಂಡದ ಸ್ಕೋರರ್. ಪ್ರತಿ ಓವರ್ ಮುಗಿದಾಗ ಒಬ್ಬರು ಮೊತ್ತ ಹೇಳುತ್ತಾರೆ, ಇನ್ನೊಬ್ಬರು ತಮ್ಮ ಪುಸ್ತಕ ನೋಡಿ ಹೂಂಗುಟ್ಟುತ್ತಾರೆ. ಹೂಂ ಬರದಿದ್ದರೆ ಅಲ್ಲೇ ನಿಂತು ಹುಡುಕಬೇಕು. ಹಾಗಾಗಿ ರನ್ನಿನಲ್ಲಿ ತಪ್ಪು ಉಳಿಯುವ ಮಾತೇ ಇಲ್ಲ. ಆದರೆ ಸಮಯ ಮಾತ್ರ ಆ ಮೈದಾನದಲ್ಲಿ ಇವರೊಬ್ಬರ ಪಾಲಿನದು. ಎದುರು ಗೋಡೆಯ ದೊಡ್ಡ ಗಡಿಯಾರ ನೇರವಾಗಿ ಕಾಣುತ್ತಿದ್ದದ್ದು ಇವರ ಕುರ್ಚಿಗೇ. ದಾಂಡಿಗ ಒಳಗೆ ಬಂದ ಹೊತ್ತು, ಔಟಾದ ಹೊತ್ತು ಬರೆದು, ನಡುವೆ ಊಟಕ್ಕೆ, ಚಹಾಕ್ಕೆ ಹೋದ ಹೊತ್ತನ್ನು ಸಂಜೆ ಕಳೆಯುತ್ತಿದ್ದರು. ಮಳೆಗೋ ಮಬ್ಬಿಗೋ ಆಟ ನಿಂತರೆ ಪುಟದ ಅಂಚಿನಲ್ಲಿ ಸಣ್ಣ ತ್ರಿಕೋನ ಎಳೆದು, ನಿಂತ ಹೊತ್ತು, ಮತ್ತೆ ಶುರುವಾದ ಹೊತ್ತು ಬರೆಯುತ್ತಿದ್ದರು. ಅದನ್ನೂ ಸಂಜೆ ಕಳೆಯಬೇಕು. ಯಾರ ಹೂಂಗೂ ಕಾಯುವ ಹಾಗಿಲ್ಲ.

ಆಟ ಮುಗಿದು ಸಹಿ ಬಿದ್ದ ಮೇಲೆ ಪುಸ್ತಕದಲ್ಲಿ ಒಂದು ಚುಕ್ಕೆಯನ್ನೂ ತಿದ್ದಬಾರದು ಎನ್ನುವುದು ಅವರು ತಮಗೆ ತಾವೇ ಹಾಕಿಕೊಂಡ ನಿಯಮ. ದೊಡ್ಡ ಹೆಸರಿನ ಆಟಗಾರನೊಬ್ಬ ಒಮ್ಮೆ ಮೆಟ್ಟಿಲು ಹತ್ತಿ ಬಂದು, "ಆ ರನ್ನು ಕಾಲಿಗೆ ಬಡಿದದ್ದಲ್ಲ, ಬ್ಯಾಟಿಗೇ ತಾಗಿತ್ತು" ಎಂದು ಗೋಗರೆದಿದ್ದ. ಅವನಿಗೆ ನೂರಕ್ಕೆ ಒಂದೇ ರನ್ ಕಡಿಮೆ. ಮಿನಿಟ್ ಪುಸ್ತಕ ಮುಚ್ಚಿ ಅದರ ಮೇಲೆ ಮೊಣಕೈ ಊರಿ, "ಕಾಫಿ ಕುಡೀತೀರಾ?" ಎಂದು ಕೇಳಿದ್ದರು.

ಈಗ ಅವರಿಗೆ ಎಪ್ಪತ್ತು. ಮೊದಲ ಮಹಡಿಯ ಎರಡು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ಹೆಂಡತಿ, ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಪಾಳಿಯ ಮೇಲೆ ಕೆಲಸ ಮಾಡುವ ಮಗ, ಸೊಸೆ, ಐದು ತಿಂಗಳ ಮೊಮ್ಮಗಳು. ಸೊಸೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿದ್ದವಳು, ಹೆರಿಗೆ ರಜೆಯಲ್ಲಿದ್ದಳು. ಮಗು ಹಾಲು ಕುಡಿದದ್ದು, ಮಲಗಿದ್ದು, ಎದ್ದದ್ದು, ಬಟ್ಟೆ ಒದ್ದೆ ಮಾಡಿದ್ದು ಎಲ್ಲವನ್ನೂ ಅವಳು ಒಂದು ನೋಟ್‌ಬುಕ್ಕಿನಲ್ಲಿ ಗಂಟೆ ನಿಮಿಷದ ಸಮೇತ ಬರೆದಿಡುತ್ತಿದ್ದಳು. ಆ ನೋಟ್‌ಬುಕ್ ಕಂಡ ದಿನದಿಂದ ಮಾವನಿಗೆ ಸೊಸೆಯ ಮೇಲೆ ಗೌರವ ಒಂದು ಮೆಟ್ಟಿಲು ಹೆಚ್ಚಾಗಿತ್ತು. ಅತ್ತೆ ಮಾತ್ರ, "ಒಂದೇ ಮನೇಲಿ ಇಬ್ಬರು ಗುಮಾಸ್ತರಾದ್ರು. ಕೂಸು ಸೀನಿದ್ರೂ ಬರ್ಕೊಳ್ರಪ್ಪಾ" ಎನ್ನುತ್ತಿದ್ದರು.

ಮೈದಾನದ ಸಂಸ್ಥೆಗೆ ಆ ವರ್ಷ ವಾರ್ಷಿಕೋತ್ಸವ. ಅದಕ್ಕೊಂದು ದಾಖಲೆ ಪುಸ್ತಕ ತರುತ್ತಿದ್ದರು. ಹನ್ನೊಂದು ಟೆಸ್ಟುಗಳ ವಿವರವನ್ನು ಕಂಪ್ಯೂಟರಿಗೆ ಹಾಕಿಕೊಡಿ ಎಂದು ಕಾರ್ಯದರ್ಶಿ ಮಿನಿಟ್ ಅವರನ್ನು ಕೇಳಿದ. ಕಂಪ್ಯೂಟರ್ ಅವರಿಗೆ ಒಗ್ಗದು. ಸೊಸೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಲ್ಯಾಪ್‌ಟಾಪ್ ತೆರೆದಳು. ಸಂಸ್ಥೆಯವರು ಕಳಿಸಿದ ನಮೂನೆಯಲ್ಲಿ ಪ್ರತಿ ದಾಂಡಿಗನ ಎದುರು ನಾಲ್ಕು ಮನೆ: ರನ್, ನಿಮಿಷ, ಎಸೆತ, ಸ್ಟ್ರೈಕ್ ರೇಟ್.

"ಎಸೆತ ನೀವು ಬರ್ದೇ ಇಲ್ವಲ್ಲ ಮಾವ."

"ನಮ್ಮ ಕಾಲದಲ್ಲಿ ಯಾರು ಕೇಳ್ತಿದ್ರು? ಎಷ್ಟು ಹೊತ್ತು ಆಡಿದ ಅಂತ ಕೇಳ್ತಿದ್ರು. ನಿಧಾನವೋ ಜೋರೋ, ಗಡಿಯಾರ ನೋಡಿ ಹೇಳ್ತಿದ್ವಿ."

"ಅಂದ್ರೆ ಆ ಕಡೆ ಕೊನೇಲಿ ಸುಮ್ನೆ ನಿಂತ್ಕೊಂಡು ಇನ್ನೊಬ್ರ ಆಟ ನೋಡಿದ್ದೂ ಇವನ ತಲೆ ಮೇಲೇನಾ? ಬೌಲರ್ ಶೂ ಲೇಸ್ ಕಟ್ಕೊಂಡಿದ್ದೂ?"

"ಗಡಿಯಾರಕ್ಕೆ ಎಲ್ಲಾ ಒಂದೇ ಕಣಮ್ಮ."

"ಅನ್ಯಾಯ ಅಲ್ವಾ?"

"ಈಗಿನದು ನ್ಯಾಯವಾ? ಆರು ವಿಕೆಟ್ ಬಿದ್ದು ಚೆಂಡು ಹಾವಿನ ಹಾಗೆ ತಿರುಗುವಾಗ ಇಪ್ಪತ್ತು ರನ್ ಮಾಡಿದವನಿಗೂ, ಹಸನಾದ ಪಿಚ್ಚಿನ ಮೇಲೆ ಬೀಸಿದವನಿಗೂ ಒಂದೇ ಅಳತೆ. ಟೆಸ್ಟಿನಲ್ಲಿ ವೇಗ ಅನ್ನೋದು ಐದು ದಿನದ ಮಾತು. ಯಾವ ಹೊತ್ತಿಗೆ ನಿಲ್ಲಬೇಕು, ಯಾವ ಹೊತ್ತಿಗೆ ಓಡಬೇಕು, ಅದು ಈ ನಾಲ್ಕು ಮನೇಲಿ ಎಲ್ಲಿ ಕೂರತ್ತೆ?"

ಸೊಸೆ ವಾದ ಬೆಳೆಸಲಿಲ್ಲ. ಬೌಲರುಗಳ ಸಾಲಿನಲ್ಲಿ ರನ್ ಬರದ ಎಸೆತಕ್ಕೆ ಇಟ್ಟ ಚುಕ್ಕೆಗಳನ್ನೂ ದಾಂಡಿಗರ ಸಾಲಿನಲ್ಲಿರುವ ರನ್ನುಗಳನ್ನೂ ಓವರಿಗೆ ಓವರ್ ಜೋಡಿಸಿದರೆ ಯಾರು ಎಷ್ಟು ಎಸೆತ ಎದುರಿಸಿದರು ಎಂದು ತೆಗೆಯಬಹುದು ಎನ್ನುವುದು ಅವಳಿಗೆ ಎರಡೇ ದಿನದಲ್ಲಿ ಹೊಳೆಯಿತು. ಲ್ಯಾಬಿನಲ್ಲಿ ಗಾಜಿನ ಚೂರಿನ ಮೇಲೆ ಕಣ ಎಣಿಸಿ ಪಳಗಿದ ಕಣ್ಣು. ಮಗು ಮಲಗಿದಾಗಲೆಲ್ಲ ಅದೇ ಕೆಲಸ. ಹೀಗೆ ಆರು ಟೆಸ್ಟು ಮುಗಿಸಿ ಏಳನೆಯದಕ್ಕೆ ಬಂದಳು.

ಏಳನೆಯ ಟೆಸ್ಟು ಊರಿಗೆಲ್ಲ ಗೊತ್ತಿದ್ದದ್ದೇ. ಮೂವತ್ನಾಲ್ಕು ವರ್ಷದ ಹಿಂದಿನದು. ಕೊನೆಯ ದಿನ ಗೆಲ್ಲಲು ನಮ್ಮ ತಂಡಕ್ಕೆ ಇನ್ನೂರ ಹದಿನಾಲ್ಕು ಬೇಕಿತ್ತು. ಇದೇ ಊರಿನ ಇಪ್ಪತ್ನಾಲ್ಕರ ಹುಡುಗನೊಬ್ಬ ಆರಂಭಿಕ ದಾಂಡಿಗನಾಗಿ ಹೋಗಿ ನಲವತ್ತೊಂದು ರನ್ ಮಾಡಿದ, ಇನ್ನೂರ ಮೂವತ್ತೇಳು ನಿಮಿಷ ತೆಗೆದುಕೊಂಡು. ತಂಡ ಏಳು ವಿಕೆಟ್ ಕಳೆದುಕೊಂಡು ನೂರ ಎಂಬತ್ತೊಂಬತ್ತಕ್ಕೆ ನಿಂತಿತು. ಇಪ್ಪತ್ತೈದು ರನ್ ಸಾಲದೆ ಪಂದ್ಯ ಡ್ರಾ. ಮರುದಿನದ ಪತ್ರಿಕೆ ಅವನನ್ನು ಬೀಗ ಎಂದು ಕರೆಯಿತು, ಗೆಲ್ಲುವ ಪಂದ್ಯಕ್ಕೆ ಬೀಗ ಜಡಿದವನು ಎಂದು. ಮುಂದಿನ ಟೆಸ್ಟಿಗೆ ಅವನ ಹೆಸರಿರಲಿಲ್ಲ, ಅದರ ಮುಂದಿನದಕ್ಕೂ ಇರಲಿಲ್ಲ. ಮೂರೇ ಟೆಸ್ಟ್ ಆಡಿದ ಆ ಹುಡುಗ ಈಗ ಐವತ್ತೆಂಟರ ಗೃಹಸ್ಥ. ಎರಡು ಬೀದಿ ಆಚೆ ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಚಿಕ್ಕ ಮಕ್ಕಳಿಗೂ ಅವರು ಬೀಗದಂಕಲ್. ಹೊಸ ದಾಖಲೆ ಪುಸ್ತಕದಲ್ಲೂ, ಈ ಮೈದಾನದಲ್ಲಿ ಮೂರು ಗಂಟೆಗಿಂತ ಹೆಚ್ಚು ಹೊತ್ತು ಆಡಿದವರ ಅತಿ ನಿಧಾನದ ಇನಿಂಗ್ಸ್‌ಗಳ ಪಟ್ಟಿಗೆ ಒಂದು ಇಡೀ ಪುಟ ಮೀಸಲಿತ್ತು. ಮೊದಲ ಸ್ಥಾನ ಯಾರದೆಂದು ಯಾರೂ ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ.

"ಮಾವ, ಇದು ನಿಮ್ಮ ಮಗ ಹುಟ್ಟಿದ ದಿನ ಅಲ್ವಾ?" ಸೊಸೆ ಪುಟದ ಮೇಲಿನ ತಾರೀಖಿನ ಮೇಲೆ ಬೆರಳಿಟ್ಟಳು.

"ಮತ್ತೆ? ನಿನ್ನ ಗಂಡ ಟೆಸ್ಟ್ ನೋಡಿಕೊಂಡೇ ಹುಟ್ಟಿದವನು."

ಅಡುಗೆಮನೆಯಿಂದ ಅತ್ತೆಯ ದನಿ ಬಂತು. "ಹೇಳಿ ಹೇಳಿ, ಚೆನ್ನಾಗಿ ಹೇಳಿ. ಒಂದೂ ಹತ್ತಕ್ಕೆ ಹೆತ್ತೆ. ಇವರು ಬಂದಿದ್ದು ಒಂದೂವರೆ ಆದ ಮೇಲೆ. ಕಿವೀಲಿ ಪೆನ್ಸಿಲ್. ಮಗೂನ ನೋಡಿದ್ರು, ನನ್ನ ನೋಡಿದ್ರು, ಗೋಡೆ ಗಡಿಯಾರ ನೋಡಿದ್ರು. ಎರಡು ಗಂಟೆಗೆ ಮಾಯ."

ಈ ಕಥೆ ಸೊಸೆಗೆ ಬಾಯಿಪಾಠ. ಹೆರಿಗೆ ಆಸ್ಪತ್ರೆ ಮೈದಾನದ ಹಿಂದಿನ ರಸ್ತೆಯಲ್ಲೇ ಇತ್ತು. ಆದರೆ ಈಗ ಕಣ್ಣೆದುರು ಪುಸ್ತಕವಿತ್ತು. ಅವಳು ಪುಟದ ಮೇಲೆ ಬೆರಳಾಡಿಸಿದಳು. ಬೀಗ ಒಳಗೆ ಬಂದದ್ದು ಹನ್ನೊಂದೂ ಹತ್ತು. ಔಟಾದದ್ದು ನಾಲ್ಕು ಗಂಟೆ ಏಳು ನಿಮಿಷ. ನಡುವೆ ಊಟಕ್ಕೆ ನಲವತ್ತು, ಚಹಾಕ್ಕೆ ಇಪ್ಪತ್ತು ಕಳೆದಿದೆ.

"ಒಂದೂವರೆಗೆ ಆಟ ನಡೀತಾ ಇತ್ತಲ್ಲ ಮಾವ. ನೀವು ಆಸ್ಪತ್ರೇಲಿದ್ರೆ ಇಲ್ಲಿ ಸ್ಕೋರ್ ಯಾರು ಬರ್ದಿದ್ದು?"

"ಆಟ ನಡೀತಿರುವಾಗ ನಾನು ಎದ್ದು ಹೋಗ್ತೀನಾ? ಮಳೆ ಬಂದಿತ್ತು ಕಣಮ್ಮ. ಒಂದೂ ಇಪ್ಪತ್ತೈದಕ್ಕೆ ಆಟ ನಿಂತಿತು. ಗೇಟಿನ ಕಾವಲುಗಾರ ಓಡಿ ಬಂದು ಗಂಡು ಮಗು ಅಂದ. ಹೋಗಿ ಬರೋ ಹೊತ್ತಿಗೆ ಎರಡೂಕಾಲು, ಅಂಪೈರುಗಳು ಆಗಲೇ ಮೈದಾನಕ್ಕೆ ನಡೀತಿದ್ರು."

"ಎಲ್ಲಿ ಬರ್ದಿದೀರಿ ಅದನ್ನ?"

"ಅಂಚಿನಲ್ಲಿ ನೋಡು. ತ್ರಿಕೋನ."

"ಇಲ್ಲ."

ಮಿನಿಟ್ ಎದ್ದು ಬಂದರು. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪುಟ ತಿರುವಿದರು, ಮತ್ತೆ ಹಿಂದಕ್ಕೆ ತಿರುವಿದರು. ಅಂಚು ಖಾಲಿಯಾಗಿತ್ತು. ಕೆಳಗೆ, ತಂಡದ ಇನಿಂಗ್ಸಿನ ಒಟ್ಟು ಹೊತ್ತು ಇನ್ನೂರ ತೊಂಬತ್ತು ನಿಮಿಷ ಎಂದು ಅವರದೇ ದುಂಡಗಿನ ಅಕ್ಷರದಲ್ಲಿ ಇತ್ತು. ಅಲ್ಲೂ ಮಳೆಯ ಹೊತ್ತು ಕಳೆದಿರಲಿಲ್ಲ.

"ಇನ್ನೊಂದು ವಿಷ್ಯ," ಸೊಸೆ ಮೆಲ್ಲಗೆ ಹೇಳಿದಳು. "ಒಟ್ಟು ಐವತ್ತಾರೇ ಓವರ್ ಆಗಿದೆ. ಇನ್ನೂರ ತೊಂಬತ್ತು ನಿಮಿಷ ಅಂದ್ರೆ ಗಂಟೆಗೆ ಹನ್ನೆರಡೂ ಬರಲ್ಲ. ಬೇರೆ ಇನಿಂಗ್ಸಲ್ಲೆಲ್ಲ ಹದಿನಾಲ್ಕಿದೆ. ಐವತ್ತು ನಿಮಿಷ ತೆಗೆದ್ರೆ ಇಲ್ಲೂ ಸರಿಯಾಗಿ ಹದಿನಾಲ್ಕೇ ಬರುತ್ತೆ."

ಮಿನಿಟ್ ಪುಸ್ತಕ ಮುಚ್ಚಿದರು. "ಮಗು ಅಳ್ತಾ ಇದೆ ನೋಡು" ಎಂದರು. ಮಗು ಅಳುತ್ತಿರಲಿಲ್ಲ.

ಆ ದಿನ ಮಧ್ಯಾಹ್ನ ಅವರು ಪುಸ್ತಕವನ್ನು ಮತ್ತೆ ತೆರೆದು ಆ ಪುಟದ ಎದುರು ಕೂತರು. ಏನಾಗಿತ್ತೆಂದು ಒಂದೊಂದಾಗಿ ನೆನಪಾಯಿತು. ಆಟ ನಿಂತ ಕ್ಷಣವೇ ಸುದ್ದಿ ಬಂದಿತ್ತು. ಪಕ್ಕದ ಕುರ್ಚಿಯವನು ಇಸ್ಪೀಟಾಡಲು ಕೆಳಗೆ ಹೋಗಿದ್ದ. ತಾವು ಬರೆಯುವುದನ್ನು ಬಿಟ್ಟು ಮೆಟ್ಟಿಲು ಇಳಿದಿದ್ದರು. ತಿರುಗಿ ಬಂದಾಗ ಏದುಸಿರು, ಬೌಲರ್ ಓಡಿ ಬರಲು ನಿಂತಿದ್ದ, ಕೂತವರೇ ಮುಂದಿನ ಚೆಂಡು ಬರೆದಿದ್ದರು. ಸಂಜೆ ಕೂಡಿ ಕಳೆಯುವಾಗ ಕಣ್ಣು ಕಾಗದದ ಮೇಲಿತ್ತು, ಮನಸ್ಸು ತೊಟ್ಟಿಲಲ್ಲಿತ್ತು. ರನ್ ಎಲ್ಲಾ ತಾಳೆಯಾಗಿತ್ತು. ಆ ಇನ್ನೊಬ್ಬನ ಪುಸ್ತಕ ಅವನ ಜೊತೆ ವಿಮಾನ ಹತ್ತಿತು. ಇವರು ಚೀಟಿಯಲ್ಲಿ ಬರೆದುಕೊಟ್ಟ ಇನ್ನೂರ ಮೂವತ್ತೇಳು ಪತ್ರಿಕೆ ಸೇರಿತು. ಆ ದಿನ ಮಳೆ ಬಂದದ್ದನ್ನು ನೋಡಿದವರು ಸಾವಿರಾರು ಜನ. ವರ್ಷ ಕಳೆದಂತೆ ಅವರು ಮರೆತರು, ಸಂಖ್ಯೆ ಮಾತ್ರ ಉಳಿಯಿತು.

ಎರಡು ದಿನ ಮನೆಯಲ್ಲಿ ಆ ಮಾತೇ ಬರಲಿಲ್ಲ. ಮಿನಿಟ್ ಪುಸ್ತಕವನ್ನು ಕಬ್ಬಿಣದ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು. ಸೊಸೆ ಎಂಟನೆಯ ಟೆಸ್ಟು ಹಿಡಿದಳು. ಏಳನೆಯದರ ಎಸೆತಗಳನ್ನು ಮಾತ್ರ ಆಗಲೇ ಬೇರೆ ಹಾಳೆಯಲ್ಲಿ ಎಣಿಸಿಟ್ಟಿದ್ದಳು. ಮೂರನೆಯ ದಿನ ಬೆಳಗ್ಗೆ ಕಾರ್ಯದರ್ಶಿಯ ಫೋನ್ ಬಂತು, ಶನಿವಾರ ಮುದ್ರಣಕ್ಕೆ ಹೋಗುತ್ತೆ, ಎಲ್ಲಾ ಸಿದ್ಧವಾ ಎಂದು. "ಸಿದ್ಧ" ಎಂದು ಮಿನಿಟ್ ಫೋನಿಟ್ಟರು.

"ಯಾವುದು ಸಿದ್ಧ?" ಹೆಂಡತಿ ಕೇಳಿದರು.

"ಸಹಿ ಆದ ಮೇಲೆ ತಿದ್ದೋ ಪದ್ಧತಿ ಇಲ್ಲ ಕಣೇ."

"ಪದ್ಧತಿ ಮಾಡಿದ್ದು ಯಾರು?"

"ನಾನೇ."

"ಸದ್ಯ. ಬೇರೆಯವರನ್ನ ಕೇಳೋ ಗೋಜಿಲ್ಲ."

"ನಿನಗೆ ತಮಾಷೆ. ನಲವತ್ತಮೂರು ವರ್ಷ ಒಂದು ತಪ್ಪಿಲ್ಲ ಅನ್ನಿಸಿಕೊಂಡಿದೀನಿ."

"ತಪ್ಪಿಲ್ಲ ಅಂತ ಅಂದೋರು ಯಾರು? ಯಾರಾದ್ರೂ ನೋಡಿದ್ರಾ? ನೀವು ಯಾರನ್ನಾದ್ರೂ ಮುಟ್ಟೋಕೆ ಬಿಟ್ರಾ?"

ಸೊಸೆ ಮಗುವಿನ ಜ್ವರದ ಔಷಧಿಯ ಬಾಟಲಿ ಅಲ್ಲಾಡಿಸುತ್ತಾ ಬಂದಳು. ಹಿಂದಿನ ದಿನ ಚುಚ್ಚುಮದ್ದು ಹಾಕಿಸಿದ್ದರಿಂದ ಮಗುವಿನ ಮೈ ಬೆಚ್ಚಗಿತ್ತು. "ಮಾವ, ಔಷಧಿ ಹತ್ತಕ್ಕೆ ಕೊಟ್ಟು, ನಾನು ಮರೆವಿನಲ್ಲಿ ಎಂಟು ಅಂತ ಬರ್ದಿದೀನಿ ಅಂತಿಟ್ಕೊಳ್ಳಿ. ಆಮೇಲೆ ಗೊತ್ತಾಯ್ತು. ಬರ್ದಿದ್ದೇ ಸರಿ ಅಂತ ಎರಡು ಗಂಟೆ ಮೊದಲೇ ಇನ್ನೊಂದು ಚಮಚ ಕೊಡ್ಲಾ?"

ಮಿನಿಟ್ ಎದ್ದು ಬಂದರು. ಮಗುವಿನ ಹಣೆ ಮುಟ್ಟಿ ನೋಡಿದರು. ಆಮೇಲೆ ಕಪಾಟು ತೆಗೆದು ಪುಸ್ತಕ ಮೇಜಿನ ಮೇಲಿಟ್ಟು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕುತ್ತಾ ಕೂತರು. ಇನ್ನೂರ ಮೂವತ್ತೇಳರಲ್ಲಿ ಐವತ್ತು ಹೋದರೆ ನೂರ ಎಂಬತ್ತೇಳು. ಗಂಟೆಗೆ ಹತ್ತು ರನ್ ಎಂದು ಊರು ಆಡಿಕೊಂಡದ್ದು ಹದಿಮೂರಾಗುತ್ತಿತ್ತು. ಇದು ಒಬ್ಬನ ಲೆಕ್ಕ. ಅವರು ಪೆನ್ಸಿಲ್ ಚೂಪು ಮಾಡಿ ಇನ್ನೊಂದು ಲೆಕ್ಕ ಹಿಡಿದರು. ತಂಡ ನಿಜಕ್ಕೂ ಆಡಿದ್ದು ಇನ್ನೂರ ನಲವತ್ತು ನಿಮಿಷ, ಮಾಡಿದ್ದು ನೂರ ಎಂಬತ್ತೊಂಬತ್ತು. ಅದೇ ವೇಗದಲ್ಲಿ ಐವತ್ತು ನಿಮಿಷ ಸಿಕ್ಕಿದ್ದರೆ ಮೂವತ್ತೊಂಬತ್ತು ರನ್. ಕಡಿಮೆ ಬಿದ್ದದ್ದು ಇಪ್ಪತ್ತೈದು. ಗೆಲುವನ್ನು ತಡೆದದ್ದು ಮಳೆ. ಆ ಮಳೆಯನ್ನು ತಾವು ಪುಸ್ತಕದಿಂದ ಅಳಿಸಿ, ಬಿದ್ದ ನೀರನ್ನೆಲ್ಲ ಒಬ್ಬ ಹುಡುಗನ ತಲೆ ಮೇಲೆ ಸುರಿದಿದ್ದರು.

ಅವರು ಅಂಗಿ ಹಾಕಿಕೊಂಡರು. ಪುಸ್ತಕವನ್ನು ಬಟ್ಟೆಯ ಚೀಲದಲ್ಲಿಟ್ಟರು. "ನೀನೂ ಬಾಮ್ಮ. ಎಸೆತದ್ದು ನನಗೆ ಸರಿಯಾಗಿ ಹೇಳೋಕೆ ಬರಲ್ಲ" ಎಂದರು. ಸೊಸೆ ಮಗುವನ್ನು ಅತ್ತೆಯ ಕೈಗಿತ್ತು, ಮುಂದಿನ ಔಷಧಿ ಎರಡು ಗಂಟೆಗೆ ಎಂದು ಎರಡು ಸಲ ಹೇಳಿ ಹೊರಟಳು.

ಕನ್ನಡಕದ ಅಂಗಡಿ ಉದ್ದಕ್ಕೆ ರೈಲುಡಬ್ಬಿಯಂತಿತ್ತು. ಗಾಜಿನ ಕಪಾಟುಗಳಲ್ಲಿ ಫ್ರೇಮುಗಳು, ಕೊನೆಯಲ್ಲಿ ಅಕ್ಷರದ ಹಲಗೆ, ಅದರ ಎದುರು ಎತ್ತರದ ಕುರ್ಚಿ. ಅಂಗಡಿಯಾತ ಸಣ್ಣ ತಿರುಪು ತಿರುಗಿಸುತ್ತಿದ್ದವರು ತಲೆಯೆತ್ತಿದರು.

"ಬನ್ನಿ ಸಾರ್. ಕೊನೆಗೂ ಕಣ್ಣು ಕೈ ಕೊಡ್ತಾ?"

"ಕಣ್ಣಲ್ಲಪ್ಪ. ನಾನೇ." ಮಿನಿಟ್ ಕೂರಲಿಲ್ಲ. ಪುಸ್ತಕ ತೆಗೆದು ಗಾಜಿನ ಮೇಲಿಟ್ಟು, ಪುಟ ತೆರೆದು, ಖಾಲಿ ಅಂಚಿನ ಮೇಲೆ ಬೆರಳಿಟ್ಟರು. "ಮಳೆ ಐವತ್ತು ನಿಮಿಷ. ನಾನು ಕಳೀಲಿಲ್ಲ. ನಿಮ್ಮದು ನೂರ ಎಂಬತ್ತೇಳೇ."

ಅಂಗಡಿಯಾತ ತಿರುಪುಳಿ ಕೆಳಗಿಟ್ಟರು. ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಪುಟ ನೋಡಿದರು. "ಗೊತ್ತು ಸಾರ್" ಎಂದರು.

"ಗೊತ್ತಾ?"

"ಪ್ಯಾಡ್ ಕಟ್ಕೊಂಡು ಐವತ್ತು ನಿಮಿಷ ಬೆಂಚಿನ ಮೇಲೆ ಕೂತವನು ನಾನು. ಮಾರನೇ ದಿನ ಪೇಪರ್ ನೋಡಿ ಇದೇನಿದು ಅನ್ನಿಸ್ತು."

"ಬಂದು ಕೇಳ್ಬಾರದಿತ್ತಾ?"

"ಬಂದಿದ್ದೆ. ನಿಮ್ಮ ಡಿಪೋ ಗೇಟಿನ ತನಕ. ನೀವು ಯಾರೋ ಡ್ರೈವರನ್ನ ಮೂರು ನಿಮಿಷಕ್ಕೆ ತರಾಟೆಗೆ ತಗೊಂಡಿದ್ರಿ. ಅವನು ಕೈಮುಗೀತಿದ್ದ, ನೀವು ಗಡಿಯಾರ ತೋರಿಸ್ತಿದ್ರಿ. ನೋಡ್ತಾ ನಿಂತೆ. ಇಂಥವರು ಐವತ್ತು ನಿಮಿಷ ತಪ್ಪು ಬರೀತಾರಾ, ನಾನೇ ಎಲ್ಲೋ ಎಡವಿದೀನಿ, ಊಟದ ಹೊತ್ತನ್ನ ಎರಡು ಸಲ ಕಳೆದಿರಬೇಕು ಅಂದ್ಕೊಂಡು ವಾಪಸ್ ಹೋದೆ."

ಮಿನಿಟ್ ಈಗ ಕೂತರು. ಎತ್ತರದ ಕುರ್ಚಿಯೇ ಸಿಕ್ಕಿತು, ಕಾಲು ನೆಲಕ್ಕೆ ಎಟುಕಲಿಲ್ಲ.

"ಆಮೇಲಾಮೇಲೆ ಜನ ಹೇಳಿ ಹೇಳಿ ನನಗೂ ಹಾಗೇ ನೆನಪಾಗೋಕೆ ಶುರುವಾಯ್ತು," ಅಂಗಡಿಯಾತ ಹೇಳಿದರು. "ಮಳೆ ಬಂದಿದ್ದು ಬೇರೆ ಯಾವುದೋ ಪಂದ್ಯಕ್ಕೇನೋ ಅಂತ. ಇನ್ನೂರೈವತ್ತು ಚೆಂಡಾದ್ರೂ ತಿಂದಿದೀನಿ ಅಂತ ನಾನೇ ಹೇಳ್ಕೊಂಡು ಓಡಾಡಿದೀನಿ."

"ನೂರ ಹದಿನೆಂಟು" ಎಂದಳು ಸೊಸೆ.

"ಏನು?"

"ನೀವು ಎದುರಿಸಿದ್ದು ನೂರ ಹದಿನೆಂಟು ಎಸೆತ. ಅರ್ಧಕ್ಕಿಂತ ಹೆಚ್ಚು ಹೊತ್ತು ಆ ಕಡೆ ನಿಂತಿದ್ರಿ. ನೂರು ಎಸೆತಕ್ಕೆ ಮೂವತ್ತೈದು ರನ್ನಿನ ಹತ್ತಿರ ಬರುತ್ತೆ. ಆ ಟೆಸ್ಟಲ್ಲಿ ನಿಮಗಿಂತ ನಿಧಾನ ಆಡಿದವರು ನಾಲ್ಕು ಜನ ಇದಾರೆ."

ಅವರು ಅವಳ ಹಾಳೆಯನ್ನು ತೆಗೆದುಕೊಂಡು, ಅಂಗಡಿಯ ಭೂತಗನ್ನಡಿ ಹಿಡಿದು ಓದಿದರು. ಬೆರಳು ಒಂದು ಕಡೆ ನಿಂತಿತು. "ಇಲ್ಲಿ ನಾನು ಹದಿನೇಳು ರನ್ ಮಾಡಿದ್ದಾಗ ಇಷ್ಟುದ್ದ ಚುಕ್ಕೆ. ಎಷ್ಟಿದೆ?"

"ಇಪ್ಪತ್ತೊಂಬತ್ತು ಎಸೆತ." ಸೊಸೆ ಸ್ವಲ್ಪ ಅಳುಕಿದಳು. "ರನ್ ಇಲ್ಲ."

"ಊಂ. ಮಳೆ ನಿಂತ ಮೇಲಿನದು. ಪಿಚ್ ಒದ್ದೆ ಅಂತ ಹೇಳ್ಕೋಬಹುದು. ಆದ್ರೆ ಹೆದರಿದ್ದೆ ಕಣಮ್ಮ. ಔಟಾದ್ರೆ ಜಾಗ ಹೋಗತ್ತೆ ಅಂತ ಹೆದರಿ ಆಡಿದೆ. ಆ ಜಾಗಾನೂ ಹೋಯ್ತು." ಹಾಳೆ ಮಡಿಸದೆ ವಾಪಸ್ ಕೊಟ್ಟರು. "ಸಾರ್, ಮಳೆದು ತೆಗೀರಿ. ಇದನ್ನ ತೆಗೀಬೇಡಿ. ಇದು ನಂದೇ."

"ತಂಡದಲ್ಲಿ ಉಳಿಸ್ಕೋತಿದ್ರೋ ಏನೋ ಆಗ, ನಾನು ಸರಿ ಬರೆದಿದ್ರೆ" ಎಂದರು ಮಿನಿಟ್.

"ಉಳಿಸ್ಕೋತಿದ್ರೋ, ಇಲ್ವೋ. ಅದನ್ನ ಬರೆಯೋಕೆ ನಿಮ್ಮ ಪುಸ್ತಕದಲ್ಲೂ ಜಾಗ ಇಲ್ಲ ಬಿಡಿ." ಅವರು ಬಟ್ಟೆ ತೆಗೆದುಕೊಂಡು ಆಗಲೇ ಶುಭ್ರವಾಗಿದ್ದ ಗಾಜೊಂದನ್ನು ಒರೆಸತೊಡಗಿದರು. "ಪಟ್ಟಿಯಲ್ಲಿ ನಾನೀಗ ಎಷ್ಟನೆಯವನು?"

"ಏಳನೆಯವರು" ಎಂದಳು ಸೊಸೆ.

"ಏಳನೆಯವನನ್ನ ಯಾರೂ ಆಡ್ಕೊಳಲ್ಲ. ನನ್ನ ಮಗಳಿಗೆ ಫೋನ್ ಮಾಡಿ ಹೇಳ್ತೀನಿ. ಶಾಲೇಲಿ ಅವಳನ್ನ ಬೀಗದ ಕೈ ಅಂತ ಕರೀತಿದ್ರು. ಹತ್ತನೇ ಕ್ಲಾಸಿನ ತನಕ ಅಳ್ತಾ ಬರ್ತಿದ್ಲು." ಒರೆಸುವ ಕೈ ನಿಂತಿತು. "ಅಚ್ಚಾದ ಮೇಲೆ ಒಂದು ಪ್ರತಿ ಕೊಡ್ಸಿ ಸಾರ್. ಬಾಯಿ ಮಾತು ಬೇಡ. ಅವಳಿಗೆ ತೋರಿಸ್ಬೇಕು."

ಮಿನಿಟ್ ಗಾಜಿನ ಮೇಲೆಯೇ ಪುಸ್ತಕ ಎಳೆದುಕೊಂಡು, ಮೂವತ್ನಾಲ್ಕು ವರ್ಷ ಖಾಲಿ ಬಿದ್ದಿದ್ದ ಅಂಚಿನಲ್ಲಿ ತ್ರಿಕೋನ ಎಳೆದರು. ನಿಂತದ್ದು ಒಂದೂ ಇಪ್ಪತ್ತೈದು, ಶುರುವಾದದ್ದು ಎರಡೂಕಾಲು. ಇನ್ನೂರ ಮೂವತ್ತೇಳರ ಮೇಲೆ ಓದಲು ಬರುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ನೂರ ಎಂಬತ್ತೇಳು ಬರೆದು, ಜೊತೆಗಾರನ ಹೊತ್ತನ್ನೂ ತಂಡದ ಒಟ್ಟು ಹೊತ್ತನ್ನೂ ಹಾಗೇ ತಿದ್ದಿ, ಇವತ್ತಿನ ತಾರೀಖು ಹಾಕಿ ಸಹಿ ಮಾಡಿದರು. ತ್ರಿಕೋನದ ಒಂದು ಮೂಲೆ ಕೂಡಲಿಲ್ಲ. ಅದನ್ನು ಹಾಗೇ ಬಿಟ್ಟರು.

ಮನೆಗೆ ಬಂದು ಕಾರ್ಯದರ್ಶಿಗೆ ಫೋನ್ ಮಾಡಿದರು. ವಿಷಯ ಕೇಳಿ ಅವನಿಗೆ ಖುಷಿಯಾಗಲಿಲ್ಲ.

"ಸಾರ್, ಯೋಚ್ನೆ ಮಾಡಿ. ನಿಮ್ಮ ಪುಸ್ತಕದಲ್ಲಿ ತಪ್ಪಿದೆ ಅಂತ ನೀವೇ ಬರೆದುಕೊಟ್ರೆ, ಉಳಿದ ನಲವತ್ತೆರಡನ್ನ ಯಾರು ನಂಬ್ತಾರೆ? ಮುನ್ನುಡಿಯಲ್ಲಿ ನಿಮ್ಮ ಬಗ್ಗೆ ಅರ್ಧ ಪುಟ ಬರ್ದಿದೀವಿ, ಒಂದೂ ತಪ್ಪಿಲ್ಲದ ಲೇಖನಿ ಅಂತ. ಆ ಬೀಗದವರು ಕೇಳ್ತಿದಾರಾ? ಇಲ್ವಲ್ಲ. ಸುಮ್ನೆ ಬಿಟ್ಬಿಡಿ."

"ಆ ಅರ್ಧ ಪುಟ ತೆಗೆದುಬಿಡಿ."

"ಸಾರ್."

"ತಿದ್ದುಪಡಿ ಶುಕ್ರವಾರ ನಿಮ್ಮ ಮೇಜಿನ ಮೇಲಿರತ್ತೆ, ನನ್ನ ಸಹಿ ಹಾಕಿ. ಮಗ ಹುಟ್ಟಿದ ಹೊತ್ತು ಬರೆದ ಆಸ್ಪತ್ರೆ ಚೀಟಿ ಬೇಕಾದ್ರೆ ಅದೂ ಇದೆ, ನಮ್ಮನೆಯವಳು ಜೋಪಾನ ಮಾಡಿದಾಳೆ. ಮಿಕ್ಕ ಪುಸ್ತಕ ನಂಬಬೇಡಿ. ನೋಡಿಸ್ತೀನಿ."

"ಎಲ್ಲಾನೂ?"

"ಎಲ್ಲಾನೂ."

ಫೋನಿಟ್ಟ ಮೇಲೆ ಅವರು ಕಪಾಟಿನಿಂದ ಮೊದಲ ವರ್ಷದ ಪುಸ್ತಕ ತೆಗೆದರು. ಬೆನ್ನುಪಟ್ಟಿ ಕಿತ್ತು ಹೋಗಿತ್ತು. ತಾವಲ್ಲದೆ ಬೇರೆಯವರ ಕೈ ಸೋಕದ ಪುಸ್ತಕ. ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟುತ್ತಿದ್ದಳು. ಎರಡು ಗಂಟೆಯ ಔಷಧಿಗೆ ಮಗುವಿನ ಮೈ ತಣ್ಣಗಾಗಿತ್ತು.

"ಬಿಡುವಾದಾಗ ನೋಡಮ್ಮ" ಎಂದು ಅದನ್ನು ಅವಳ ಪಕ್ಕದಲ್ಲಿಟ್ಟರು. "ಅವಸರ ಇಲ್ಲ. ರಜೆ ಮುಗಿಯೋ ತನಕ ಎಷ್ಟಾಗತ್ತೋ ಅಷ್ಟು."

"ಈಗಲೇ ನೋ​ಡ್ತೀನಿ. ಇವಳನ್ನ ಹಿಡ್ಕೊಳ್ಳಿ."

ಮೊಮ್ಮಗಳು ತಾತನ ಕೈಗೆ ಬಂದಳು. ಸೊಸೆ ಪುಟ ತೆರೆದು, ಬೆರಳು ಇಟ್ಟುಕೊಂಡು ಕೆಳಕ್ಕೆ ಇಳಿಯತೊಡಗಿದಳು. ಮಿನಿಟ್ ಕಿಟಕಿಯ ಕಡೆ ಮುಖ ಮಾಡಿ ನಿಂತು ಮಗುವಿಗೆ ರಸ್ತೆಯ ಬಸ್ಸುಗಳನ್ನು ತೋರಿಸಿದರು. ಕಿವಿ ಮಾತ್ರ ಹಿಂದಕ್ಕಿತ್ತು. ಹಾಳೆ ತಿರುಗಿದ ಸದ್ದು ಒಂದು, ಎರಡು. ಮೂರನೆಯದಕ್ಕೆ ತಡವಾಯಿತು.

"ಮಾವ, ಇಲ್ಲಿ ಕೂಡಿದ್ದರಲ್ಲಿ ಹತ್ತು ನಿಮಿಷ ಜಾಸ್ತಿ ಆಗಿದೆ. ನಾಲ್ಕನೇ ದಾಂಡಿಗಂದು."

ಅವರು ತಿರುಗಿದರು. ಬಂದು ಬಗ್ಗಿ ನೋಡಿದರು. ಒಂದಕ್ಕೊಂದು ಕೂಡಿ ಬೆರಳು ಮಡಿಸಿದರು, ಮತ್ತೊಮ್ಮೆ ಕೂಡಿದರು. ಇಪ್ಪತ್ತೆರಡರ ತಮ್ಮ ಅಕ್ಷರ, ಚೊಕ್ಕವಾಗಿ, ದುಂಡಗೆ, ತಪ್ಪಾಗಿ ಕೂತಿತ್ತು.

"ಬರ್ಕೊಳ್ಳಮ್ಮ" ಎಂದರು. "ಮುಂದಿನ ಪುಟ ನೋಡು."